ಎಡಗಡೆ ಸೀಟಿನ ತೂಕ

ಬಣಕಲ್
5 ಆಗಸ್ಟ್ 2024

ಅಶ್ವಿನಣ್ಣ,

ಫೋನ್ ಬಿಟ್ಟು ಪತ್ರ ಯಾಕೆ ಬರೆದಳು ಇವಳು ಎಂದು ನಗಬೇಡ. ಫೋನಿನಲ್ಲಿ ನಾನು ಜಗಳಕ್ಕೆ ಬಾಯಿ ತೆಗೆದರೆ ನೀನು ಯಾರದೋ ದನಿ ಅಣಕಿಸಿ, ನನ್ನನ್ನು ನಗಿಸಿ ಜಾರಿಕೊಳ್ಳುತ್ತೀಯ. ಕಾಗದದ ಮೇಲೆ ಆ ಆಟ ನಡೆಯುವುದಿಲ್ಲ. ಉತ್ತರವನ್ನೂ ಕಾಗದದಲ್ಲೇ ಕೊಡು. ಈ ಕಾರಿನ ವಿಷಯ ಮುಗಿಯುವವರೆಗೆ ನಿನ್ನ ಫೋನ್ ಎತ್ತುವುದಿಲ್ಲ.

ನಮ್ಮ ರ‍್ಯಾಲಿ ಕಾರಿಗೆ ಹೊಸ ಸಸ್ಪೆನ್ಷನ್ ಆರಿಸಿಯಾಯಿತಂತೆ. ರೇಸ್ ಟ್ರ್ಯಾಕಿಗೆ ಹಾಕುವಂಥ, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಾದ, ಕಲ್ಲಿನಂತೆ ಗಟ್ಟಿಯಾದ ಕಾಯಿಲ್‌ಓವರ್ ಸೆಟ್ಟಂತೆ. ಇದನ್ನು ನಾನು ಗ್ಯಾರೇಜಿನ ಕಲ್ಲೇಶನ ಬಾಯಲ್ಲಿ ಕೇಳಬೇಕಾಯಿತು. ಅವನಿಗೆ ಗೊತ್ತು, ಕಾರಿನವಳಿಗೆ ಗೊತ್ತಿಲ್ಲ. ಅಪ್ಪ ತೀರಿಕೊಂಡ ಮೇಲೆ ಆ ಕೆಂಪು ಕಾರು ಯಾರ ಹೆಸರಿನಲ್ಲಿದೆ ಎಂದು ಮರೆತೆಯಾ? ನೀನು ದೊಡ್ಡಮ್ಮನ ಮಗ, ಓಡಿಸುವವನು, ಎಲ್ಲ ಸರಿ. ಆದರೆ ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

"ಶಾಕ್ ಬದ್ಲಾಯ್ಸಕ್ಕೆ ಇಷ್ಟು ರಂಪ ಎಂತಕ್ಕೆ?" ಎಂದು ಅಮ್ಮ ಕೇಳಿದರು. ಇದು ಬರೀ ಶಾಕ್ ಅಲ್ಲಮ್ಮ, ಶಾಕಿನ ಸುತ್ತಲೇ ಸ್ಪ್ರಿಂಗ್ ಕೂತಿರುತ್ತೆ, ಸ್ಪ್ರಿಂಗಿನ ಕೆಳಗೊಂದು ರಿಂಗ್ ಇರುತ್ತೆ, ಅದನ್ನು ತಿರುಗಿಸಿದರೆ ಆ ಮೂಲೆಯಲ್ಲಿ ಕಾರು ಏರುತ್ತೆ, ಇಳಿಯುತ್ತೆ ಎಂದು ಬಿಡಿಸಿ ಹೇಳಿದೆ. ಅಮ್ಮನಿಗೆ ಅರ್ಥವಾಯಿತು. "ಹಂಗಾರೆ ನಮ್ ರಸ್ತೆಗೆ ಏರ್ಸಬೇಕಲ್ಲ, ಅವ್ನು ಎಂತಕ್ಕೆ ಇಳಿಸ್ತಾನೆ?" ಎಂದರು. ಅಮ್ಮನಿಗೆ ಹೊಳೆದದ್ದು ಟ್ರ್ಯಾಕಿನಲ್ಲಿ ಪಾಠ ಹೇಳುವ ನಿನಗೆ ಹೊಳೆಯಲಿಲ್ಲ. ಕೊಯಮತ್ತೂರಿನ ನುಣುಪು ಡಾಂಬರಿನ ಮೇಲೆ ಶಿಷ್ಯರನ್ನು ಓಡಿಸಿ ಓಡಿಸಿ ನಮ್ಮೂರನ್ನೇ ಮರೆತಿದ್ದೀಯ. ಡಿಸೆಂಬರಿನ ರ‍್ಯಾಲಿ ನಡೆಯುವುದು ಕಳಸದ ಕಡೆಯ ಎಸ್ಟೇಟ್ ರಸ್ತೆಗಳಲ್ಲಿ. ಅಲ್ಲಿ ಮೋರಿ ಇದೆ, ದನ ದಾಟದ ಹಾಗೆ ಹಾಸಿದ ಕಬ್ಬಿಣದ ಕೊಳವೆಗಳಿವೆ, ಮಳೆಗೆ ಮಣ್ಣು ಕೊಚ್ಚಿಹೋಗಿ ಹಲ್ಲು ಕಿಸಿದು ನಿಂತ ಕಲ್ಲುಗಳಿವೆ. ನಿನ್ನ ತಗ್ಗು ಕಾರು ಮೊದಲ ಮೋರಿಯಲ್ಲೇ ಹೊಟ್ಟೆ ಹರಿದುಕೊಂಡು ಮಲಗುತ್ತದೆ.

ಇನ್ನೊಂದು ಮಾತು. ಆರು ವರ್ಷದಿಂದ ಎಡಗಡೆ ಸೀಟಿನಲ್ಲಿ ಕೂತು ನಿನಗೆ ರಸ್ತೆ ಓದಿ ಹೇಳುತ್ತಿರುವವಳು ನಾನು. ಕಾರು ಗಡಗಡ ಎಂದರೆ, ತಿರುವು ಎಷ್ಟು ಕಡಿದು ಎಂದು ಅಂಕಿ ಹಾಕಿ ಬರೆದುಕೊಂಡ ನೋಟ್ಸಿನ ಅಕ್ಷರವೂ ಕುಣಿಯುತ್ತದೆ. "ಎಡ ಮೂರು, ಒಳಗೆ ಕಲ್ಲು" ಎಂದು ನಾನು ಅರ್ಧ ಸೆಕೆಂಡ್ ತಡವಾಗಿ ಹೇಳಿದರೆ ಏನಾಗುತ್ತದೆ ನಿನಗೆ ಗೊತ್ತು. ವರ್ಷವಿಡೀ ತೋಟ, ಆಳು, ಔಷಧಿ, ಗೊಬ್ಬರ ಎಂದು ಬಡಿದಾಡುವ ನನಗೆ ನನ್ನದು ಎಂದು ಇರುವುದು ಆ ಒಂದು ಸೀಟು. ಅದನ್ನು ಹಾಳು ಮಾಡಬೇಡ. ಮೆತ್ತನೆಯ ಸ್ಪ್ರಿಂಗ್, ಉದ್ದದ ಶಾಕ್, ಮಣ್ಣುರಸ್ತೆಯ ಸೆಟ್ಟು ತರಿಸು.

ಸಿಟ್ಟಿನಿಂದ,
ದಿವ್ಯಾ


ಕೊಯಮತ್ತೂರು
16 ಆಗಸ್ಟ್ 2024

ಒಂದು ಮೂಟೆ ಮಹಾರಾಣಿಯವರ ಪಾದಕ್ಕೆ,

ತಮ್ಮ ಬೈಗುಳದ ಪತ್ರ ತಲುಪಿತು. ಅಕ್ಷರ ಇರುವೆ ಸಾಲಿನ ಹಾಗಿದೆ ಮಾರಾಯ್ತಿ. ಓದುವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಹೌದು, ನನಗೂ ಕನ್ನಡಕ ಬಂದಿದೆ, ದೊಡ್ಡ ಸುದ್ದಿ ಮಾಡಬೇಡ.

ನೀನು ಹೇಳಿದ್ದೇ ಸರಿ. ಟ್ರ್ಯಾಕ್ ಸೆಟ್ಟು ಬೇಡ ಎಂದು ಹೇಳಿ ಮಣ್ಣುರಸ್ತೆಯದಕ್ಕೆ ಆರ್ಡರ್ ಬದಲಾಯಿಸಿದ್ದೇನೆ. ಇಲ್ಲಿಯ ವರ್ಕ್‌ಶಾಪಿನವರು ನಮ್ಮ ಕಾರಿನ ಲೆಕ್ಕಕ್ಕೇ ನಾಲ್ಕೂ ಮೂಲೆಯ ಎತ್ತರ ಸೆಟ್ ಮಾಡಿ ಕಳಿಸುತ್ತಾರೆ. ಕಲ್ಲೇಶ್ ಹಳೆಯದನ್ನು ಬಿಚ್ಚಿ ಇದನ್ನು ಹಾಕಿದರೆ ಸಾಕು. ಒಂದೇ ಒಂದು ವಿಷಯ: ಕೆಳಗಿನ ರಿಂಗುಗಳನ್ನು ಯಾರೂ ಮುಟ್ಟಬಾರದು. ಅವನ ಕೈ ಸುಮ್ಮನಿರುವುದಿಲ್ಲ, ನೀನೇ ನಿಂತು ನೋಡಿಕೊ.

ಈ ವರ್ಷ ಕಾಫಿ ಬೇಗ ಹಣ್ಣಾಗುತ್ತಂತೆ. ಡಿಸೆಂಬರಿನಲ್ಲಿ ನಿನಗೆ ಪಿಕ್ಕಿಂಗ್ ಬಿಟ್ಟು ಬರಲು ಪುರುಸೊತ್ತು ಆಗುತ್ತದೋ ಇಲ್ಲವೋ. ಆಗದಿದ್ದರೆ ಸಂಕೋಚ ಬೇಡ. ತೋಟ ಮೊದಲು, ರ‍್ಯಾಲಿ ಆಮೇಲೆ. ನಾನು ಹೇಗಾದರೂ ಸುಧಾರಿಸಿಕೊಳ್ಳುತ್ತೇನೆ.

ಚಿಕ್ಕಮ್ಮನಿಗೆ ನಮಸ್ಕಾರ.

ಅಶ್ವಿನ್


ಬಣಕಲ್
29 ಸೆಪ್ಟೆಂಬರ್ 2024

ಅಶ್ವಿನಣ್ಣ,

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪಿಕ್ಕಿಂಗಿನ ವಿಷಯ ನೀನು ನೆನಪಿಟ್ಟು ಕೇಳಿದ್ದು ಖುಷಿಯಾಯಿತು. ಅದಕ್ಕೆಲ್ಲ ವ್ಯವಸ್ಥೆ ಮಾಡಿದ್ದೇನೆ. ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಅವರೂ ಮೇಸ್ತ್ರಿ ಮಲ್ಲೇಶನೂ ಆ ವಾರ ತೋಟ ನೋಡಿಕೊಳ್ಳುತ್ತಾರೆ. ಆದ್ದರಿಂದ ನನ್ನ ಚಿಂತೆ ಬಿಡು.

ಸೆಟ್ಟು ಬಂತು. ಕಲ್ಲೇಶ್ ನಮ್ಮ ತೋಟಕ್ಕೇ ಬಂದು ಎರಡು ದಿನ ಕೂತು ಹಾಕಿದ. ಹಳೆಯ ಶಾಕಿನ ಬೋಲ್ಟು ತುಕ್ಕು ಹಿಡಿದು ಬಿಡಲೊಲ್ಲದು, ಸೀಮೆಎಣ್ಣೆ ಸುರಿದು, ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಬೈದು ಬಿಚ್ಚಬೇಕಾಯಿತು. ಸ್ಪ್ರಿಂಗ್ ಸ್ವಲ್ಪ ಓಡಿ ಕೂರಬೇಕು ಎಂದು ಅವನು ಹೇಳಿದ್ದಕ್ಕೆ ದೇವರಮನೆ ಬೆಟ್ಟದವರೆಗೆ ನಾನೇ ಓಡಿಸಿಕೊಂಡು ಹೋದೆ. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ. ಅಣ್ಣ, ಎಂಥ ಚಂದ ಹೋಗುತ್ತದೆ ಗೊತ್ತಾ! ಗುಂಡಿಗೆ ಬಿದ್ದರೆ ಒಂದೇ ಸಲ ಬಗ್ಗಿ ಏಳುತ್ತದೆ, ಮತ್ತೆ ಮತ್ತೆ ಕುಣಿಯುವುದಿಲ್ಲ. ಇಳಿಜಾರಿನ ಆ ಕುರುಡು ತಿರುವಿನಲ್ಲಿ ಒಳಗಿನ ಚಕ್ರ ನೆಲ ಬಿಡಲಿಲ್ಲ. "ನೋಡಿ ಅಕ್ಕ, ಚಕ್ರ ನೆಲ ಹುಡುಕ್ಕಂಡು ಹೋಗ್ಬೇಕು. ಈಗ ಹೋಗ್ತಿದೆ" ಎಂದ ಕಲ್ಲೇಶ್, ಒಂದು ಕಣ್ಣು ತೆರೆದು.

ಈಗ ಸಿಟ್ಟಿನ ವಿಷಯ.

ವಾಪಸು ಬಂದು ಕಾಫಿ ಕಣದ ಮೇಲೆ ಕಾರು ನಿಲ್ಲಿಸಿ ಎತ್ತರ ಅಳೆಯಲು ಹೊರಟೆವು. ಎರಡೂ ಸೀಟಿನಲ್ಲಿ ನಮ್ಮ ತೂಕ ಇರಬೇಕಲ್ಲ. ನಾನು ಎಡಗಡೆ ಹತ್ತಲು ಹೋದರೆ ಕಲ್ಲೇಶ್ ತಡೆದ. "ಹೆಣ್ಮಕ್ಳು ಕೂತಿರೋ ಗಾಡಿ ಅಡಿಗೆ ನಾನು ಮಲಗಲ್ಲ ಅಕ್ಕ, ನಮ್ಮಪ್ಪನೂ ಮಲಗ್ತಿರ್ಲಿಲ್ಲ" ಎಂದ. ಸರಿ, ಗೋದಾಮಿನಿಂದ, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ತರಿಸಿದೆ. ಕಾಫಿ ತೂಕ ಮುಗಿದ ದಿನ ಅಪ್ಪ ಮನೆಯ ಮಕ್ಕಳನ್ನೆಲ್ಲ ಅದೇ ತಕ್ಕಡಿಗೆ ಹತ್ತಿಸುತ್ತಿದ್ದರಲ್ಲ, ಪಿಯುಸಿಯಲ್ಲಿ ಒಂದು ಮೂಟೆ, ಅಂದರೆ ಐವತ್ತು ಕೆಜಿ ತೂಗಿದವಳು ಇವತ್ತಿಗೂ ಅಷ್ಟೇ ಇದ್ದೇನೆ. ನೀನು ಒಂದೂವರೆ. ಹಾಗೇ ಇಟ್ಟೆವು: ಬಲಗಡೆ ಒಂದೂವರೆ ಮೂಟೆ, ಎಡಗಡೆ ಒಂದು.

ಎಡಗಡೆ ಅರ್ಧ ಬೆರಳು ಎತ್ತರ ನಿಂತಿತು. ಕಣಕ್ಕೆ ನೀರು ಹರಿಯಲೆಂದು ವಾಟ ಇರುತ್ತದೆ, ಅದಕ್ಕೇ ಇರಬೇಕು ಎಂದು ಕಾರು ತಿರುಗಿಸಿ ನಿಲ್ಲಿಸಿದೆವು. ಆಗಲೂ ಎಡಗಡೆಯೇ ಎತ್ತರ. "ಮೂಟೆಲಿ ಮಾಲು ಕಮ್ಮಿ ಇರ್ಬೇಕು" ಎಂದ ಕಲ್ಲೇಶ್. ನನಗೆ ಎಲ್ಲಿಂದ ಬಂತೋ ಆ ಸಿಟ್ಟು! ಗೋದಾಮಿನ ಬೀಗದ ಕೈ ಇರುವುದು ಜಯಪ್ರಕಾಶ್ ಅವರ ಹತ್ತಿರ. ಆಳುಗಳ ಮುಂದೆಯೇ, ಮೂಟೆಯಿಂದ ಯಾರು ತೆಗೆದದ್ದು ಎಂದು ಕೇಳಿಬಿಟ್ಟೆ. ಅವರು ಮೂಟೆಯನ್ನು ತಕ್ಕಡಿಗೆ ಹಾಕಿಸಿದರು. ಮೂಟೆ ಪೂರ್ತಿ ಇತ್ತು. "ನೋಡ್ಕಳಿ ಅಮ್ಮಾ" ಎಂದಷ್ಟೇ ಹೇಳಿ ಹೊರಟುಹೋದರು. ನನ್ನ ಅಪ್ಪನ ಕಾಲದವರು ಅವರು. ಮಾರನೇ ದಿನ ಅವರ ಮನೆಗೆ ಹೋಗಿ ತಪ್ಪಾಯಿತು ಎಂದೆ. ಕಾಫಿ ಕೊಟ್ಟರು, ಮುಖ ಕೊಡಲಿಲ್ಲ.

ಇದೆಲ್ಲ ಆದದ್ದು ಆ ವರ್ಕ್‌ಶಾಪಿನವರ ಬೇಜವಾಬ್ದಾರಿಯಿಂದ. ತೂಕ ಸರಿಯಾಗಿ ಹಿಡಿಯಲು ಬಾರದವರು ಸೆಟ್ ಮಾಡಿ ಯಾಕೆ ಕಳಿಸಬೇಕು? ನೀನು ಖುದ್ದಾಗಿ ಹೋಗಿ ಅವರಿಗೆ ನಾಲ್ಕು ಬಿಗಿದು ಬಾ. ನಿನಗಾಗದಿದ್ದರೆ ನಾನೇ ಫೋನ್ ಮಾಡುತ್ತೇನೆ, ಬಿಲ್ಲಿನ ಮೇಲೆ ನಂಬರ್ ಇದೆ. ರಿಂಗ್ ಮುಟ್ಟಬೇಡ ಎಂದಿದ್ದೀಯ, ಅದಕ್ಕೇ ಹಾಗೇ ಬಿಟ್ಟಿದ್ದೇವೆ.

ದಿವ್ಯಾ


ಕೊಯಮತ್ತೂರು
4 ಅಕ್ಟೋಬರ್ 2024

ದಿವ್ಯಾ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ನೀನಂತೂ ಫೋನ್ ಎತ್ತುವುದಿಲ್ಲ.

ವರ್ಕ್‌ಶಾಪಿಗೆ ಫೋನ್ ಮಾಡಬೇಡ. ಅವರು ದೊಡ್ಡ ಕೆಲಸಗಾರರು, ಬೇಜಾರು ಮಾಡಿಕೊಳ್ಳುತ್ತಾರೆ. ಅರ್ಧ ಬೆರಳು ಏನೂ ಅಲ್ಲ, ಓಡುತ್ತಾ ಓಡುತ್ತಾ ಕೂತುಕೊಳ್ಳುತ್ತದೆ. ನಾನು ಬಂದು ನೋಡುತ್ತೇನೆ. ರಿಂಗ್ ಮಾತ್ರ ಮುಟ್ಟಬೇಡಿ.

ಮತ್ತೆ ಕಾರನ್ನು ನೀನು ಯಾಕೆ ಓಡಿಸಿದೆ? ಕಲ್ಲೇಶ್ ಇದ್ದನಲ್ಲ. ಇನ್ನು ಮುಂದೆ ಶೆಡ್ಡಿನಲ್ಲೇ ಇರಲಿ.

ಅಶ್ವಿನ್


ಬಣಕಲ್
12 ಅಕ್ಟೋಬರ್ 2024

ಅಶ್ವಿನ್,

'ಅಣ್ಣ' ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ.

ನೀನು ಬೇಡ ಎಂದೆಯಲ್ಲ, ಅದಕ್ಕೇ ಫೋನ್ ಮಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಗತ್ತಿನಲ್ಲಿ ಯಾವ ವರ್ಕ್‌ಶಾಪಿನವರ ಮನಸ್ಸಿನ ಬಗ್ಗೆಯೂ ಚಿಂತೆ ಮಾಡದವನು ಈಗ ಯಾಕೆ ಮಾಡುತ್ತಿದ್ದಾನೆ ಎಂದು ನನಗೆ ಅನ್ನಿಸದೆ ಇರುತ್ತದೆಯೇ?

ಅಲ್ಲಿ ಸೌಮ್ಯ ಎಂದು ಮೈಸೂರಿನ ಹುಡುಗಿ ಮಾತಾಡಿದಳು. ನಾನು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ತಪ್ಪಾಗಿಲ್ಲ ಮೇಡಂ. ಅಶ್ವಿನ್ ಸರ್ ಹೇಳಿದ ತೂಕಕ್ಕೇ ಸೆಟ್ ಮಾಡಿರೋದು. ಎಡಗಡೆ ಕುಮಾರ್ ಸರ್ ಕೂರ್ತಾರಲ್ವಾ, ತೊಂಬತ್ತೈದು ಕೆಜಿ. ಅವ್ರೂ ಬಂದಿದ್ರು, ಇಲ್ಲೇ ತೂಕ ನೋಡಿದ್ವಿ. ನೀವು ಯಾರು ಮೇಡಂ?" ಎಂದಳು.

ನಾನು ಯಾರು ಅಶ್ವಿನ್? ನೀನೇ ಹೇಳು. ಅವಳಿಗೆ ಕಾರಿನ ಓನರ್ ಎಂದು ಹೇಳಿ ಫೋನ್ ಇಟ್ಟೆ.

ಚಿಕ್ಕಮಗಳೂರಿನ ಕುಮಾರ್. ದೊಡ್ಡ ಟೀಮಿನವನು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆಯಲು ನೋಡಿದೆ ನೀನು. ಪಿಕ್ಕಿಂಗ್ ಇದೆಯಲ್ಲ, ಪುರುಸೊತ್ತು ಇಲ್ಲವಲ್ಲ, ಸಂಕೋಚ ಬೇಡ! ನಾನು ಅದನ್ನು ಅಕ್ಕರೆ ಎಂದುಕೊಂಡು ಅಮ್ಮನಿಗೂ ಓದಿ ಹೇಳಿದೆ. ನಾನಾಗಿಯೇ ಬರಲ್ಲ ಎಂದಿದ್ದರೆ ನಿನ್ನ ಕೈ ಶುದ್ಧವಾಗಿರುತ್ತಿತ್ತು, ಅಲ್ಲವೇ?

ಬಾಯಿಬಿಟ್ಟು ಹೇಳಿದ್ದರೆ ಒಂದು ದಿನ ಅಳುತ್ತಿದ್ದೆ, ಇನ್ನೊಂದು ದಿನ ಬಯ್ಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನೀನು ಏನು ಮಾಡಿದೆ? ನನ್ನನ್ನು ಕಾರಿನಿಂದ ಇಳಿಸುವ ಸಾಮಾನನ್ನು ನನ್ನ ಮನೆಗೇ ಕಳಿಸಿ, ನನ್ನ ಕೈಯಲ್ಲೇ ಹಾಕಿಸಿದೆ. ಕಲ್ಲೇಶನಿಗೆ ಸ್ಪ್ಯಾನರ್ ಎತ್ತಿಕೊಟ್ಟವಳು ನಾನು. ತುಕ್ಕು ಬೋಲ್ಟಿಗೆ ಸೀಮೆಎಣ್ಣೆ ಹಾಕಿದವಳು ನಾನು. ರಿಂಗ್ ಮುಟ್ಟಬೇಡ ಎಂದು ಅವನನ್ನು ಕಾವಲು ಕಾದವಳೂ ನಾನೇ. ಆ ನಾಲ್ಕು ರಿಂಗಿನಲ್ಲಿ ನನ್ನ ಜಾಗ ಹೋಗಿತ್ತು, ನಾನು ಅದಕ್ಕೆ ಕಾವಲು ನಿಂತಿದ್ದೆ. ಇದಕ್ಕೋಸ್ಕರ ಜಯಪ್ರಕಾಶ್ ಅವರನ್ನು ನಾಲ್ಕು ಜನರ ಎದುರು ಕಳ್ಳನ ಹಾಗೆ ನಿಲ್ಲಿಸಿದೆ. ಕದ್ದವನು ನೀನು, ಬೈಸಿಕೊಂಡವರು ಅವರು.

ನನ್ನ ತೂಕ ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡ. ಒಂದು ಮೂಟೆ ಎಂದು ಹೆಸರಿಟ್ಟವನೇ ನೀನು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ನೀನು ಇನ್ನೂ ಹೊಳೆ ಕೂಡ ದಾಟಿಲ್ಲವಲ್ಲೋ.

ನಿನ್ನೆ ಆಯುಧಪೂಜೆ. ಕಾರಿಗೆ ಚೆಂಡುಹೂವಿನ ಹಾರ ಹಾಕಿದೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಅದರ ತಪ್ಪೇನಿದೆ ಪಾಪ.

ದಿವ್ಯಾ


ಕೊಯಮತ್ತೂರು
24 ಅಕ್ಟೋಬರ್ 2024

ದಿವ್ಯಾ,

ಹೇಗೆ ಶುರು ಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ಹೇಳಬೇಕಿತ್ತು. ಹೇಳಲು ಧೈರ್ಯ ಸಾಲಲಿಲ್ಲ. ಅಷ್ಟೇ.

ನನಗೆ ಮೂವತ್ತೆಂಟು. ಎಷ್ಟು ವರ್ಷ ಬೇರೆಯವರ ಮಕ್ಕಳಿಗೆ ಬ್ರೇಕ್ ಎಲ್ಲಿ ಒತ್ತಬೇಕು ಎಂದು ಹೇಳಿಕೊಡುತ್ತಾ ಕೂರಲಿ? ಕುಮಾರ್ ಪಕ್ಕದಲ್ಲಿ ಕೂತು ಒಂದು ಒಳ್ಳೆಯ ಫಲಿತಾಂಶ ಬಂದರೆ ಮುಂದಿನ ವರ್ಷ ಅವನ ಟೀಮಿನಲ್ಲಿ ನನಗೆ ಜಾಗ ಸಿಗಬಹುದು. ಇದು ನನ್ನ ಕೊನೆಯ ಅವಕಾಶ. ನೀನು ಚೆನ್ನಾಗಿ ನೋಟ್ಸ್ ಓದುತ್ತೀಯ, ನಾನು ಇಲ್ಲ ಎನ್ನುವುದಿಲ್ಲ. ಆದರೆ ನಿನಗೆ ಇದು ಹವ್ಯಾಸ, ನನಗೆ ಹೊಟ್ಟೆಪಾಡು. ತೋಟ ಇದೆ ನಿನಗೆ. ನನಗೇನಿದೆ?

ನಿನ್ನನ್ನು ಪೂರ್ತಿ ಬಿಡುತ್ತಿಲ್ಲ ಮಾರಾಯ್ತಿ. ಸರ್ವೀಸ್ ಟೀಮನ್ನು ನೀನೇ ನೋಡಿಕೊ. ಹುಡುಗರಿಗೆ ಕಡುಬು, ಕೋಳಿ ಸಾರು ಎಂದು ಹೊತ್ತಿಗೆ ಸರಿಯಾಗಿ ಮಾಡಿಸಿ ಕಳಿಸಲು ನಿನ್ನಷ್ಟು ಅಚ್ಚುಕಟ್ಟಾದವರು ಯಾರೂ ಇಲ್ಲ. ಕುಮಾರನೂ ಅದನ್ನೇ ಹೇಳಿದ. ನಿನ್ನ ಹಳೆಯ ನೋಟ್ಸನ್ನು ತೆಗೆದಿಡು, ಅವನಿಗೆ ಕೊಟ್ಟರೆ ಉಪಯೋಗವಾಗುತ್ತದೆ.

ನವೆಂಬರ್ ಹದಿನೇಳು, ಭಾನುವಾರ ನಾವಿಬ್ಬರೂ ಬರುತ್ತೇವೆ. ಕಾರು ಈಗಿರುವ ಹಾಗೇ ಇರಲಿ.

ಬೇಜಾರು ಮಾಡಿಕೊಳ್ಳಬೇಡ.

ಅಶ್ವಿನ್


ಬಣಕಲ್
10 ನವೆಂಬರ್ 2024

ಅಶ್ವಿನಣ್ಣ,

ನಿನ್ನ ಪತ್ರ ಬಂತು. ಕಡುಬಿನ ಸಾಲನ್ನು ಮಾತ್ರ ಎಷ್ಟೋ ಸಲ ಓದಿದೆ. ಆರು ವರ್ಷ ನಿನ್ನ ಪ್ರಾಣ ನನ್ನ ಬಾಯಲ್ಲಿತ್ತು. ನಾನು ಬಲ ಎಂದರೆ ಬಲಕ್ಕೆ, ಎಡ ಎಂದರೆ ಎಡಕ್ಕೆ, ಮುಂದೇನಿದೆ ಎಂದು ಕಾಣದ ತಿರುವಿನಲ್ಲಿ ಕಾಲು ತೆಗೆಯದೆ ಹೋಗಿದ್ದೀಯ. ಅಂಥವಳು ಈಗ ಕೋಳಿ ಸಾರಿಗೆ ಸರಿ. ಜೊತೆಗೆ ನನ್ನ ನೋಟ್ಸನ್ನೂ ಕೊಡಬೇಕಂತೆ. ನಾಚಿಕೆಯಾಗುವುದಿಲ್ಲವೇ ನಿನಗೆ?

ನಿನಗೇನಿದೆ ಎಂದು ಕೇಳಿದ್ದೀಯ. ನಿನ್ನ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಅದನ್ನು ಆಗಸ್ಟಿನಲ್ಲೇ ಬರೆದಿದ್ದರೆ ನಾನೇ ಇಳಿದು, ಕುಮಾರನಿಗೆ ಬಾಗಿಲು ತೆಗೆದು ಕೊಡುತ್ತಿದ್ದೆನೋ ಏನೋ. ಈಗ ಕೊಡುವುದಿಲ್ಲ.

ಅಪ್ಪ ನಮ್ಮಿಬ್ಬರನ್ನೂ ಮೊದಲ ಸಲ ಈ ಕಾರಿನಲ್ಲಿ ಕೂರಿಸಿದ್ದು ನೆನಪಿದೆಯಾ? ನಿನ್ನನ್ನು ಬಲಗಡೆ ಕೂರಿಸಿದರು, ನನ್ನನ್ನು ಎಡಗಡೆ. ನಾನು ಯಾಕೆ ಎಂದು ಕೇಳಲಿಲ್ಲ. ಹುಡುಗ ಓಡಿಸುತ್ತಾನೆ, ಹುಡುಗಿ ದಾರಿ ಹೇಳುತ್ತಾಳೆ, ಅದು ಹಾಗೇ ಎಂದುಕೊಂಡೆ. ದಿನಾ ಬೆಳಿಗ್ಗೆ ಆಳುಗಳನ್ನು ಜೀಪಿನಲ್ಲಿ ತುಂಬಿಕೊಂಡು, ನೀನು ಹಗಲಿನಲ್ಲೂ ಹೆದರುವ ಇಳಿಜಾರಿನಲ್ಲಿ ಓಡಿಸುವವಳು ನಾನು. ಆದರೂ ಆ ಬಲಗಡೆ ಸೀಟು ನನ್ನದಾಗಬಹುದು ಎಂದು ನನಗೆ ಅನ್ನಿಸಿರಲಿಲ್ಲ. ಹಾಗೆ ಅನ್ನಿಸುವಂತೆ ಮಾಡಿದ್ದಕ್ಕಾದರೂ ನಿನಗೆ ಥ್ಯಾಂಕ್ಸ್ ಹೇಳಬೇಕು.

ಮೊನ್ನೆ ಕಲ್ಲೇಶನನ್ನು ಕರೆಸಿದೆ. ರಿಂಗ್ ಬಿಚ್ಚು ಎಂದೆ. "ಅಶ್ವಿನಣ್ಣ ಮುಟ್ಟಬ್ಯಾಡ ಅಂದಿದ್ರಲ್ಲ" ಎಂದ. ಅಶ್ವಿನಣ್ಣನ ಕಾರಲ್ಲ, ಬಿಚ್ಚು ಎಂದೆ. ಆಮೇಲೆ ನಾನು ಹೋಗಿ ಬಲಗಡೆ ಸೀಟಿನಲ್ಲಿ ಕೂತೆ. ಅವನು ತಲೆ ಕೆರೆದುಕೊಂಡು ನಿಂತ.

"ಇಳೀರಿ ಅಕ್ಕ, ಮೂಟೆ ಇಡಾಣ" ಎಂದ.

"ಮೂಟೆ ಗಾಡಿ ಓಡ್ಸುತ್ತಾ ಕಲ್ಲೇಶ?" ಎಂದೆ.

"ನಮ್ಮಪ್ಪ ನೋಡಿದ್ರೆ ಬೈತಿದ್ದ" ಎಂದು ಗೋಣಿ ಹಾಸಿಕೊಂಡು ಕಾರಿನ ಅಡಿಗೆ ನುಗ್ಗಿದ. ಜಯಪ್ರಕಾಶ್ ಅವರು ತಾವಾಗಿಯೇ ಗೋದಾಮಿನ ಬೀಗ ತೆಗೆದು, ಎಡಗಡೆಗೆ ಬೇಕಾದ ಮಾಲನ್ನು ಎಲ್ಲರೆದುರು ತೂಗಿಸಿ ಇಡಿಸಿದರು. "ಈಗ ಸರಿ ಇದೆಯಾ ನೋಡ್ಕಳಿ ಅಮ್ಮಾ" ಎಂದರು. ಈ ಸಲ ಸ್ವಲ್ಪ ನಕ್ಕರು.

ರ‍್ಯಾಲಿಯವರ ಹತ್ತಿರ ಲೈಸೆನ್ಸಿನ ಕೆಲಸವೂ ಮುಗಿಯಿತು, ಎಂಟ್ರಿಯನ್ನೂ ಕೊಟ್ಟೆ. ಡ್ರೈವರ್ ಜಾಗದಲ್ಲಿ ನನ್ನ ಹೆಸರಿದೆ. ಕೋ-ಡ್ರೈವರ್ ಹೆಸರನ್ನು ಕೊಡಲು ಇದೇ ತಿಂಗಳ ಕೊನೆಯವರೆಗೆ ಸಮಯ ಇದೆಯಂತೆ. ಕುಮಾರ್ ಅವರಿಗೆ ನನ್ನ ನಮಸ್ಕಾರ ಹೇಳು. ಅವರು ಕೂತರೆ ನಮ್ಮ ಕಾರು ಎಡಕ್ಕೆ ವಾಲುತ್ತದೆ, ಪಾಪ ಅವರಿಗೆ ಯಾಕೆ ತೊಂದರೆ.

ಈಗ ಬಲಗಡೆ ಒಂದು ಮೂಟೆಗೆ ಸೆಟ್ ಆಗಿದೆ. ಎಡಗಡೆ ಒಂದೂವರೆಗೆ. ಅಳೆದು ನೋಡಿದೆವು, ಎರಡೂ ಕಡೆ ಒಂದೇ ಸಮ ನಿಂತಿದೆ. ಇನ್ನು ರಿಂಗ್ ಯಾರೂ ಮುಟ್ಟಬಾರದು.

ಹದಿನೇಳಕ್ಕೆ ಬರುವುದಾದರೆ ಒಬ್ಬನೇ ಬಾ. ಓದುವ ಕನ್ನಡಕ ಮರೆಯಬೇಡ, ನನ್ನ ಅಕ್ಷರ ಇರುವೆ ಸಾಲು.

ದಿವ್ಯಾ